ಖಾಲಿ ಸೂಜಿ

ನನ್ನ ಸೊಸೆಗೆ ಏಣಿ ಅಂತ ಹೆಸರಿಟ್ಟವಳು ನಾನೇ. ಮದುವೆಯಾಗಿ ಬಂದ ದಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಅವಳು ಒಳಗೆ ಬಂದದ್ದು. ನನ್ನ ಮಗನಿಗಿಂತ ಎರಡು ಬೆರಳು ಎತ್ತರ. ನಾನಾದರೋ ಗಿಡ್ಡಿ. ಬಟ್ಟೆಯ ಗಂಟುಗಳ ಹಿಂದೆ ನಿಂತರೆ ಹೊಸ ಗಿರಾಕಿಗಳು ಅಂಗಡಿಯಲ್ಲಿ ಯಾರೂ ಇಲ್ಲವೆಂದು ವಾಪಸು ಹೋಗುತ್ತಾರೆ. "ಏಣಿ, ಆ ಮೇಲಿನ ಗಂಟು ಇಳಿಸು", "ಏಣಿ, ಬಲ್ಬು ಬದಲಾಯಿಸು" ಅಂತ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದೆ. ಅವಳು ನಗುತ್ತಾ ಬಂದು ಇಳಿಸುತ್ತಿದ್ದಳು. ಅವಳ ಎತ್ತರದ ಬಗ್ಗೆ ನಾನು ಮಾಡಿದಷ್ಟು ತಮಾಷೆಯನ್ನು ಈ ಬೀದಿಯಲ್ಲಿ ಯಾರೂ ಮಾಡಿಲ್ಲ.

ನಮ್ಮದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಅಗಲ ಬಾಗಿಲು, ಗೋಡೆಗೆ ಮೂರು ಸಾಲು ಹಲಗೆ, ನಡುವೆ ಮೇಜು. ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಬಲಗಡೆ ಇಸ್ತ್ರಿಪೆಟ್ಟಿಗೆ ಇಡಲು ಒಂದು ಕಬ್ಬಿಣದ ತಟ್ಟೆ. ಬಟ್ಟೆಗೆ ನೀರು ಚಿಮುಕಿಸುವುದು, ಮಡಿಸುವುದು, ಗಿರಾಕಿಗಳ ಜೊತೆ ಜಗಳ ಆಡುವುದು ನನ್ನ ಕೆಲಸ. ನನ್ನ ಮಣಿಕಟ್ಟು ಸೋತ ಮೇಲೆ ಇಸ್ತ್ರಿಯೆಲ್ಲ ಸೊಸೆಯದೇ. ಕಾಲರು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಅವಳು ಅಂಗಿ ಪೂರ್ತಿ ಮುಗಿಸಿ ನನ್ನ ಕಡೆ ತಳ್ಳಿದರೆ ಕೊನೆಗೆ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುವವಳು ನಾನು. ಕಾಲರು ನೋಡಿಯೇ ಜನ ಅಂಗಡಿಗೆ ಬರುವುದು ಅಂತ ನನ್ನ ನಂಬಿಕೆ, ಜಂಬ ಅಂತಲೂ ಅನ್ನಬಹುದು.

ಮೂರು ತಿಂಗಳಿಂದ ಅವಳು ಸೊಂಟ ನೋವು ಅನ್ನುತ್ತಿದ್ದಳು. ಮಧ್ಯಾಹ್ನವಾದರೆ ಗೋಡೆಗೆ ಒರಗಿ ಬೆನ್ನು ಉಜ್ಜಿಕೊಳ್ಳುವಳು. ಸಂಜೆ ಮುಖ ತೊಳೆಯಲು ಬಗ್ಗಿದರೆ ಏಳುವಾಗ ಗೋಡೆ ಹಿಡಿದು ಏಳುವಳು. ನಮ್ಮ ಅಂಗಡಿಗೆ ಬರುವವರೆಲ್ಲ ಅರ್ಧ ಡಾಕ್ಟರುಗಳೇ. ಹಾಸಿಗೆ ಮೆತ್ತಗಾಗಿದೆ, ನೆಲದ ಮೇಲೆ ಮಲಗಿಸಿ ಅಂದರು ಲಾಡ್ಜಿನ ಮ್ಯಾನೇಜರು. ಫ್ಯಾನಿನ ಗಾಳಿ ಬೆನ್ನಿಗೆ ಹೊಡೆದಿದೆ ಅಂದ ಬ್ಯಾಂಕಿನ ಕಾವಲುಗಾರ. ವಿಟಮಿನ್ನು ಕಡಿಮೆ ಅಂದ ಔಷಧಿ ಅಂಗಡಿಯವನು, ಅವನು ಇನ್ನೇನು ಹೇಳಿಯಾನು. ಅವಳ ತಾಯಿ ಫೋನಿನಲ್ಲಿ, ಇವಳು ಚಿಕ್ಕಂದಿನಿಂದ ನೀರು ಕುಡಿಯೋದೇ ಇಲ್ಲ ಅಂತ ದೂರು ಹೇಳಿದರು. ನನ್ನ ತೀರ್ಮಾನ ಬೇರೆಯೇ ಇತ್ತು. ಇಪ್ಪತ್ತಾರು ವರ್ಷಕ್ಕೆ ಎಂಥ ಸೊಂಟ ನೋವು, ಎಲ್ಲ ಮೈಗಳ್ಳತನ ಅಂತ. ಬಾಯಿಬಿಟ್ಟು ಹೇಳಿಯೂ ಇದ್ದೆ. ನನಗೆ ಅರವತ್ತಾಯಿತು, ಇದೇ ಮೇಜಿನ ಮುಂದೆ ಮೂವತ್ತು ವರ್ಷ ನಿಂತಿದ್ದೇನೆ, ಒಂದು ದಿನ ಬೆನ್ನು ಅಂದವಳಲ್ಲ ಅಂತ ಬರುವವರಿಗೆಲ್ಲ ಸಾರುತ್ತಿದ್ದೆ.

ಅವತ್ತು ಬೆಳಿಗ್ಗೆ ಲಾಡ್ಜಿನ ಹಾಸುಬಟ್ಟೆಗಳು ಬಂದಿದ್ದವು. ಅವಳು ಎತ್ತಲು ಹೋದದ್ದು ಗಂಟನ್ನೂ ಅಲ್ಲ, ಜಾರಿ ಬಿದ್ದ ಒಂದು ದಿಂಬಿನ ಚೀಲವನ್ನು. ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಒಂದು ಕೈ ಮೇಜಿನ ಅಂಚಿನಲ್ಲಿ, ಇನ್ನೊಂದು ಗಾಳಿಯಲ್ಲಿ.

"ಸಾಕು ಕಣೇ ನಾಟಕ. ಲಾಡ್ಜಿನೋರು ಹನ್ನೊಂದಕ್ಕೆ ಬರ್ತಾರೆ," ಅಂದೆ.

"ಅತ್ತೆ, ಏಳಕ್ಕಾಗ್ತಿಲ್ಲ."

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಟ್ಟಿಗೆ ಹಾಸುಬಟ್ಟೆಯ ಮೇಲೇ ಕೂತಿತ್ತು. ನಾಲ್ಕು ವರ್ಷದಲ್ಲಿ ಅವಳು ಒಂದು ಕರವಸ್ತ್ರ ಸುಟ್ಟವಳಲ್ಲ. ಕೈಚಾಚಿದರೆ ಸಿಗುವ ಪೆಟ್ಟಿಗೆಯನ್ನು ಎತ್ತಿಡಲೂ ಅವಳಿಗೆ ಆಗಲಿಲ್ಲ ಅಂದರೆ ಇದು ನಾಟಕವಲ್ಲ. ಪೆಟ್ಟಿಗೆ ಎತ್ತಿಟ್ಟು, ಸ್ವಿಚ್ಚು ಆರಿಸಿ, ಅವಳ ಮುಖ ನೋಡಲು ನಾನೂ ಬಗ್ಗಿದೆ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣೀರೋ ಬೆವರೋ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ.

ಆಸ್ಪತ್ರೆಗೆ ಆಟೋದಲ್ಲಿ ಹೇಗೆ ಕರೆದೊಯ್ದೆನೋ ನನಗೇ ಗೊತ್ತಿಲ್ಲ. ಕೂರಲು ಆಗದು, ನಿಲ್ಲಲು ಆಗದು, ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಮುಖಮಾಡಿಕೊಂಡು ಬಂದಳು. ಡಾಕ್ಟರು ಅವಳನ್ನು ಮಲಗಿಸಿ ಕಾಲು ಎತ್ತಿಸಿದರು, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಕಾಲು ಜೋಮು ಹಿಡಿಯುತ್ತಾ, ಮೂತ್ರಕ್ಕೆ ತೊಂದರೆ ಇದೆಯಾ ಅಂತೆಲ್ಲ ಕೇಳಿದರು, ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಿದೆ, ನರ ಸಿಕ್ಕಿಕೊಂಡ ಹಾಗೆ ಕಾಣುವುದಿಲ್ಲ, ಸ್ನಾಯು ಬಿಗಿದುಕೊಂಡಿದೆ ಅಂದರು. ಮಾತ್ರೆ ಕೊಟ್ಟರು. ಪೂರ್ತಿ ಮಲಗಿಬಿಡಬೇಡ, ಆದಷ್ಟು ಓಡಾಡು ಅಂದರು. ಹೊರಡುವಾಗ ನಾನು ಸುಮ್ಮನಿರಲಾರದೆ, ಇದಕ್ಕೂ ಹೋಗದಿದ್ದರೆ ಅಂತ ಕೇಳಿದೆ. ಆಗ ಸ್ಕ್ಯಾನು ಮಾಡೋಣ, ಬೇಕಾದವರಿಗೆ ಆಪರೇಷನ್ನೂ ಇರುತ್ತೆ, ಈಗಲೇ ಯಾಕೆ ಆ ಮಾತು ಅಂದರು.

ಆ ಮಾತು ಬೇಡ ಅಂದರೆ ಬಿಟ್ಟೀತೇ. ಮನೆಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಅದೊಂದೇ. ಮಗ ವ್ಯಾನು ಓಡಿಸಿಕೊಂಡು ಊರೂರು ಸುತ್ತಿ ವಾರಕ್ಕೊಮ್ಮೆ ಮನೆಗೆ ಬರುವವನು. ಬಂದವನು ಹೆಂಡತಿ ಗೋಡೆ ಹಿಡಿದು ನಡೆಯುವುದನ್ನು ನೋಡಿ ಸಪ್ಪಗಾದ. "ಅಮ್ಮ, ಬೆನ್ನಿಗೆ ಕತ್ತಿ ಹಾಕಿಸೋದು ಅಂದ್ರೆ ಸುಮ್ನೆ ಅಲ್ಲ. ಇವಳು ಮೊದಲಿನ ಹಾಗೆ ಆಗ್ತಾಳಾ?" ಅಂತ ನನ್ನನ್ನು ಕೇಳಿದ. ನನಗೇನು ಗೊತ್ತು. ಮೂರು ವಾರ ಕಳೆಯಿತು. ಮಾತ್ರೆ ತೆಗೆದುಕೊಂಡರೆ ಹೊಟ್ಟೆ ಉರಿ, ಬಿಟ್ಟರೆ ಬೆನ್ನು. ಅವಳು ಒಂದು ಗಂಟೆ ಒಂದೇ ಸಮ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಅಷ್ಟು ಉದ್ದದ ಹುಡುಗಿ ಮಗ್ಗುಲಾಗಿ ಮುದುರಿ ಮಲಗಿದರೆ ಹಾಸಿಗೆಯ ಅರ್ಧಕ್ಕೂ ಬರುತ್ತಿರಲಿಲ್ಲ. ಇವಳು ನೆಟ್ಟಗೆ ನಿಲ್ಲದೇ ಹೋದರೆ ಅನ್ನುವ ಭಯಕ್ಕೆ ನನ್ನ ಬಾಯಿ ಕಟ್ಟಿಹೋಗಿತ್ತು. ಏಣಿ ಅಂತ ಕರೆಯುವುದನ್ನೂ ನಿಲ್ಲಿಸಿದ್ದೆ.

ದಾರಿ ತೋರಿಸಿದವರು ಗರಿ ಮೇಷ್ಟ್ರು. ಬಟ್ಟೆ ಗರಿಗರಿಯಾಗಿರಬೇಕು, ಪ್ಯಾಂಟಿನ ಗೆರೆ ಕಾಗದ ಕೊಯ್ಯುವಷ್ಟು ಚೂಪಾಗಿರಬೇಕು ಅನ್ನುವ ಶಾಲಾ ಮೇಷ್ಟ್ರು ಅವರು, ಹಾಗಾಗಿ ಆ ಹೆಸರು. "ನನ್ನ ತಂಗಿಗೆ ಸೂಜಿಯಲ್ಲಿ ಎಷ್ಟೋ ವಾಸಿಯಾಯ್ತು. ಸೈಕಲ್ ಅಂಗಡಿ ಮೇಲೆ ಒಬ್ಬರು ಡಾಕ್ಟ್ರಮ್ಮ ಇದ್ದಾರೆ, ಸೂಜಿ ಹಾಕ್ತಾರೆ. ತೋರಿಸಿ ನೋಡಿ," ಅಂದರು.

ಸೂಜಿ ಅಂದಕೂಡಲೇ ನನಗೆ ಧೈರ್ಯ ಬಂತು. ನಮ್ಮ ಕಾಲದವರಿಗೆ ಮಾತ್ರೆಗಿಂತ ಸೂಜಿಯ ಮೇಲೇ ನಂಬಿಕೆ. ಜ್ವರ ಬಂದಾಗ ಸೂಜಿ ಹಾಕದೆ ಕಳಿಸಿದ ಡಾಕ್ಟರನ್ನು ನಾನು ಡಾಕ್ಟರೆಂದೇ ಲೆಕ್ಕಕ್ಕೆ ಇಡುವುದಿಲ್ಲ. "ಒಂದೇ ಒಂದು ಸೂಜಿ ಕಣೇ, ಚುಳುಕ್ ಅನ್ನುತ್ತೆ, ಮುಗೀತು," ಅಂತ ಸೊಸೆಗೆ ಹೇಳಿ ಹೊರಡಿಸಿದೆ. ಸೈಕಲ್ ಅಂಗಡಿಯ ಪಕ್ಕದಲ್ಲಿ ಕಡಿದಾದ ಹದಿನೆಂಟು ಮೆಟ್ಟಿಲು. ಅವಳು ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಇಟ್ಟು ನಿಂತು, ಉಸಿರು ಬಿಟ್ಟು, ಮುಂದಿನದನ್ನು ಹತ್ತುವಳು. ಬಿದ್ದರೆ ಹಿಡಿಯುತ್ತೇನೆಂದು ನಾನು ಹಿಂದೆ. ಅವಳು ಬಿದ್ದಿದ್ದರೆ ನಾನು ಅಡಿಯಲ್ಲಿ ಅಪ್ಪಚ್ಚಿ, ಆ ಮಾತು ಬೇರೆ.

ಡಾಕ್ಟ್ರಮ್ಮ ನಲವತ್ತರ ಆಸುಪಾಸಿನವರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಆಸ್ಪತ್ರೆಯ ಎಕ್ಸ್‌ರೇ, ಚೀಟಿ ಎಲ್ಲ ನಿಧಾನವಾಗಿ ನೋಡಿದರು. ಸೊಸೆಯನ್ನು ಬೋರಲು ಮಲಗಿಸಿದರು. ಆ ಮಂಚಕ್ಕೆ ಮುಖ ಇಡಲು ಒಂದು ತೂತು, ಅವಳ ಪಾದಗಳು ಈ ತುದಿಯಿಂದ ಹೊರಗೆ. ಆಮೇಲೆ ಡ್ರಾಯರಿನಿಂದ ಪೊಟ್ಟಣಗಳು ಬಂದವು. ಒಂದೊಂದನ್ನೂ ನನ್ನೆದುರೇ ಹರಿದು ಹೊಸ ಸೂಜಿ ತೆಗೆದರು. ಕೂದಲಿನಷ್ಟು ಸಣ್ಣ ಸೂಜಿ. ಸಿರಿಂಜು ಎಲ್ಲೂ ಕಾಣಲಿಲ್ಲ.

"ಔಷಧಿ ಎಲ್ಲಿ ಡಾಕ್ಟ್ರೇ?"

"ಯಾವ ಔಷಧಿ ಅಮ್ಮ?"

"ಸೂಜಿ ಒಳಗೆ ಹಾಕೋದು."

"ಇದಕ್ಕೆ ಔಷಧಿ ಇಲ್ಲಮ್ಮ. ಬರೀ ಸೂಜಿ."

"ಅಂದ್ರೆ ಖಾಲಿ ಸೂಜಿ?"

"ಹೂಂ. ಖಾಲಿ ಸೂಜಿ. ಹನ್ನೆರಡು ಹಾಕ್ತೀನಿ."

"ಒಂದೇ ಒಂದು ಅಂತ ಹೇಳಿ ಕರ್ಕೊಂಡು ಬಂದಿದ್ದೀನಿ, ನನ್ನ ಮಾನ ತೆಗೀಬೇಡಿ," ಅಂದೆ. ಮಂಚದ ತೂತಿನ ಕೆಳಗಿನಿಂದ ನಗು ಕೇಳಿಸಿತು. "ನಗಿಸಬೇಡಿ ಅತ್ತೆ, ನೋಯುತ್ತೆ," ಅಂದಳು ಸೊಸೆ. ಮೂರು ವಾರದ ಮೇಲೆ ಅವಳ ನಗು ಕೇಳಿದ್ದು. ಸೂಜಿ ಖಾಲಿಯಾದರೂ ಚಿಂತೆಯಿಲ್ಲ ಅನಿಸಿತು.

ಸೊಂಟಕ್ಕೆ ಆರು ಹಾಕಿದರು. ಉಳಿದದ್ದನ್ನು ಮಂಡಿಯ ಹಿಂದೆ, ಮೀನಖಂಡದಲ್ಲಿ, ಹಿಮ್ಮಡಿಯ ಹತ್ತಿರ. ನೋವು ಒಂದು ಕಡೆ, ಸೂಜಿ ಒಂದು ಕಡೆ, ಇದೆಂಥ ವೈದ್ಯ ಅಂತ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅವರೇ ಹೇಳಿದರು. ಇದು ಹಳೇ ಪದ್ಧತಿ, ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತೆ ಅಂತ ಮಾತು ಕೊಡುವುದಿಲ್ಲ, ಕೆಲವರಿಗೆ ನೋವು ಇಳಿಯುತ್ತೆ, ಬಿಗಿದ ಸ್ನಾಯು ಸಡಿಲವಾಗುತ್ತೆ, ಕೆಲವರಿಗೆ ಏನೂ ಆಗೋದಿಲ್ಲ, ಐದಾರು ಸಲ ನೋಡೋಣ ಅಂದರು. ಕಾಲು ಮರಗಟ್ಟಿದರೆ ಮಾತ್ರ ನನ್ನ ಹತ್ತಿರ ಬರಬೇಡಿ, ನೆಟ್ಟಗೆ ಆಸ್ಪತ್ರೆಗೆ ಹೋಗಿ ಅಂತಲೂ ಅಂದರು. ಆ ಮಾತಿನಿಂದಲೇ ನನಗೆ ಅವರ ಮೇಲೆ ಭರವಸೆ ಹುಟ್ಟಿತು. ಎಲ್ಲ ವಾಸಿ ಮಾಡ್ತೀನಿ ಅನ್ನುವವರನ್ನು ಕಂಡರೆ ನನಗೆ ಆಗದು.

ಗಡಿಯಾರಕ್ಕೆ ಇಪ್ಪತ್ತೈದು ನಿಮಿಷ ತಿರುಗಿಸಿಟ್ಟು ಡಾಕ್ಟ್ರಮ್ಮ ಆಚೆ ಹೋದರು. ನಾನು ಸ್ಟೂಲಿನ ಮೇಲೆ ಕೂತು ಸೂಜಿಗಳನ್ನು ಎಣಿಸಿದೆ, ಒಂದೂ ಒಳಗೆ ಹೋಗಿಬಿಡಬಾರದಲ್ಲ. ಎರಡನೇ ಸಲ ಎಣಿಸುವಾಗ ಗೊರಕೆ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಯಾವ ನಾಚಿಕೆಯೂ ಇಲ್ಲದೆ. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ರಿಮ್ಮು ಬಡಿಯುತ್ತಿದ್ದರು, ಅದಕ್ಕೂ ಎಚ್ಚರವಾಗಲಿಲ್ಲ. ಆ ಗೊರಕೆ ಕೇಳುತ್ತಾ ನನಗೆ ಅಳು ಬಂತು. ಅತ್ತುಬಿಟ್ಟೆ. ಯಾರೂ ನೋಡಲಿಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಸರಿಯಾದೆ.

ಸೂಜಿ ತೆಗೆದ ಮೇಲೆ ಅವಳು ಮಗ್ಗುಲಾಗಿ, ಕೈಯೂರಿ, ಮೆಲ್ಲಗೆ ಎದ್ದು ನಿಂತಳು. ಗೋಡೆ ಹಿಡಿಯಲಿಲ್ಲ.

"ಹೇಗಿದೆ?" ಅಂದೆ.

"ಇದೆ ಅತ್ತೆ. ಆದ್ರೆ ಸ್ವಲ್ಪ ದೂರ ಹೋಗಿದೆ."

ನನಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟ್ರಮ್ಮ ಮಾತ್ರ ನನ್ನಷ್ಟು ಹಿಗ್ಗಲಿಲ್ಲ. "ನೋವು ಕಳಿಸೋದು ನನ್ನ ಕೆಲಸ. ದಿನಾ ಅದನ್ನ ವಾಪಸ್ ಕರೆಯೋರು ಯಾರು ಅಂತ ಗೊತ್ತಾಗ್ಬೇಕಲ್ಲ," ಅಂದು ಕೆಲಸದ ಬಗ್ಗೆ ಕೇಳತೊಡಗಿದರು. ದಿನಕ್ಕೆ ಎಷ್ಟು ಗಂಟೆ, ನಿಂತಾ ಕೂತಾ, ಪೆಟ್ಟಿಗೆ ಎಷ್ಟು ಭಾರ. ಎಂಟು ಗಂಟೆ, ನಿಂತೇ, ಪೆಟ್ಟಿಗೆ ಏನೂ ಮಹಾ ಭಾರವಲ್ಲ ಅಂದೆ.

"ಮೇಜು ಎಷ್ಟು ಎತ್ತರ?"

"ಸರಿಯಾದ ಎತ್ತರ," ಅಂದೆ. "ನಮ್ಮನೆಯವರು ಕೈಯಾರೆ ಮಾಡಿದ್ದು. ಅಳತೆಯಲ್ಲಿ ಒಂದು ಕೂದಲೆಳೆ ತಪ್ಪಿಲ್ಲ."

"ಯಾವ ಅಳತೆ?"

ನಾನು ಎದ್ದು ನಿಂತು ನನ್ನ ಹೊಟ್ಟೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದೆ. "ಇಲ್ಲಿಗೆ. ಹೊಕ್ಕುಳಿಗೆ ಸರಿಯಾಗಿ. ನನ್ನನ್ನ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಂಡ್ರು. ನಿನ್ನ ಬೆನ್ನು ಬಗ್ಗಬಾರದು ಅಂದ್ರು. ಮೂವತ್ತು ವರ್ಷ ಆಯ್ತು, ಬಗ್ಗಿಲ್ಲ."

ಹೇಳುವಾಗ ಎಂಥ ಜಂಬ ನನಗೆ. ಡಾಕ್ಟ್ರಮ್ಮ ಕನ್ನಡಕ ಏರಿಸಿಕೊಂಡರು. "ಆ ಕೈ ಹಾಗೇ ಇರಲಿ ಅಮ್ಮ," ಅಂದು ಸೊಸೆಯನ್ನು ಕರೆದು ನನ್ನ ಪಕ್ಕ ನಿಲ್ಲಿಸಿದರು. ಆಮೇಲೆ ನನ್ನ ಕೈಯನ್ನು ಹಿಡಿದು, ಎತ್ತರ ತಪ್ಪದಂತೆ, ಪಕ್ಕಕ್ಕೆ ಸರಿಸಿದರು. ನನ್ನ ಕೈ ಹೋಗಿ ನಿಂತದ್ದು ಅವಳ ತೊಡೆಯ ಬುಡದಲ್ಲಿ.

ನಾಲ್ಕು ವರ್ಷ ಅವಳನ್ನು ಏಣಿ ಅಂತ ಕರೆದಿದ್ದೇನೆ. ಬಾಗಿಲು ತಗ್ಗು ಅಂತ ನಕ್ಕಿದ್ದೇನೆ, ಮಂಚ ಗಿಡ್ಡ ಅಂತ ನಕ್ಕಿದ್ದೇನೆ, ಅವಳಿಗೆ ಸರಿಹೋಗುವ ಚಪ್ಪಲಿ ಸಿಗುವುದಿಲ್ಲ ಅಂತ ಬೀದಿಗೆಲ್ಲ ಹೇಳಿದ್ದೇನೆ. ಮೇಜಿನ ಬಗ್ಗೆ ಒಂದೇ ಒಂದು ಸಲ ನನಗೆ ಹೊಳೆದಿರಲಿಲ್ಲ. ಅದು ಸರಿಯಾದ ಎತ್ತರದ ಮೇಜು ಅಂತಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನನಗೆ ಸರಿಯಾದದ್ದು ಅಂತ ಅಲ್ಲ, ಸರಿಯಾದದ್ದು ಅಂತ.

"ಬೆನ್ನು ನೋವಿಗೆ ನೂರು ಕಾರಣ ಇರುತ್ತೆ," ಅಂದರು ಡಾಕ್ಟ್ರಮ್ಮ. "ಎಷ್ಟೋ ಜನರಿಗೆ ಯಾಕೆ ಬಂತು ಅಂತ ಕೊನೆಗೂ ಗೊತ್ತಾಗಲ್ಲ. ನಿಮಗೆ ಒಂದು ದೊಡ್ಡ ಕಾರಣ ಕೈಗೆ ಸಿಕ್ಕಿದೆ. ಮೊಣಕೈ ಮಡಚಿದ್ರೆ ಅದಕ್ಕಿಂತ ನಾಲ್ಕು ಬೆರಳು ಕೆಳಗಿರಲಿ ಮೇಜು. ಮಧ್ಯೆ ಮಧ್ಯೆ ಕೆಲಸ ಬಿಟ್ಟು ಓಡಾಡ್ಲಿ."

ಮೆಟ್ಟಿಲಿಳಿಯುವಾಗ ಅವಳು ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ತಡೆಯಲಾರದೆ ಕೇಳಿದೆ.

"ನಿನಗೆ ಗೊತ್ತಿತ್ತಾ, ಮೇಜು ತಗ್ಗು ಅಂತ?"

"ಗೊತ್ತಿತ್ತು ಅತ್ತೆ. ಮೊದಲನೇ ದಿನಾನೇ."

"ಬಾಯಲ್ಲಿ ಏನಿಟ್ಕೊಂಡಿದ್ದೆ, ಹೇಳೋದಲ್ವಾ?"

"ಮಾವ ನಿಮಗೇ ಅಂತ ಮಾಡಿದ್ದು ಅಂತ ದಿನಾ ಹೇಳ್ತಿದ್ರಿ. ಅದನ್ನ ಎತ್ತರ ಮಾಡಿಸಿ ಅಂತ ಹೇಗೆ ಕೇಳ್ಲಿ?" ಎರಡು ಹೆಜ್ಜೆ ನಡೆದು ಅಂದಳು, "ಒಂದ್ಸಲ ಮೇಜಿನ ಕಾಲಿನ ಕೆಳಗೆ ಇಟ್ಟಿಗೆ ಇಟ್ಟಿದ್ದೆ. ಮೇಜು ಅಲುಗಾಡ್ತಿದೆ ಅಂತ ನೀವು ತೆಗೆದು ಹಾಕಿದ್ರಿ."

ಇಟ್ಟಿಗೆ ನೆನಪಾಯಿತು. ಯಾರು ಇಟ್ಟರು, ಯಾಕೆ ಇಟ್ಟರು ಅಂತ ಕೇಳದೆ ಹೊರಗೆ ಎಸೆದವಳು ನಾನೇ, ಎಸೆದು ಕೈ ಕೊಡವಿಕೊಂಡವಳೂ ನಾನೇ. ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಗಂಟೆ ಬಾರಿಸಿ ಬೈದುಕೊಂಡು ಹೋದ.

"ನಾನು ನಾಟಕ ಅಂದೆನಲ್ಲ ಅವತ್ತು. ತಪ್ಪು ನಂದು ಕಣೇ. ನೋಯಿಸಿಬಿಟ್ಟೆ ನಿನ್ನನ್ನ."

ಇಷ್ಟು ವಯಸ್ಸಿಗೆ ಈ ಮಾತು ನಾನು ಯಾರಿಗೂ ಹೇಳಿದ ನೆನಪಿಲ್ಲ, ನಮ್ಮನೆಯವರಿಗೂ ಹೇಳಿರಲಿಲ್ಲ. ಪರವಾಗಿಲ್ಲ ಬಿಡಿ ಅಂತಾಳೆ ಅಂದುಕೊಂಡೆ. ಅನ್ನಲಿಲ್ಲ. "ತುಂಬಾ ನೋಯ್ತಿತ್ತು ಅತ್ತೆ," ಅಂದಳು. ಅಷ್ಟು ಹೇಳಿ ನನ್ನ ಕೈಚೀಲವನ್ನು ತಾನು ತೆಗೆದುಕೊಳ್ಳಲು ಬಂದಳು. ಕೊಡಲಿಲ್ಲ.

ಮೂರು ವಾರದಲ್ಲಿ ಆರು ಸಲ ಹೋದೆವು. ಎರಡನೇ ಸಲ ನೋವು ವಾಪಸು ಬಂದು ನಮ್ಮಿಬ್ಬರ ಮುಖವೂ ಜೋತುಬಿತ್ತು. ಮೂರನೆಯದಕ್ಕೆ ಮತ್ತೆ ಇಳಿಯಿತು. ನಾಲ್ಕನೇ ಸಲ ಹದಿನೆಂಟು ಮೆಟ್ಟಿಲನ್ನು ಒಂದು ಕಾಲಿಗೆ ಒಂದರಂತೆ ಹತ್ತಿದಳು. ಡಾಕ್ಟ್ರಮ್ಮ ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಬೆಳಿಗ್ಗೆ ಮಾಡಿದಳು. ಸೂಜಿಯೋ, ವ್ಯಾಯಾಮವೋ, ಮೇಜಿನಿಂದ ದೂರ ಇದ್ದದ್ದೋ, ಯಾವುದು ಎಷ್ಟು ಕೆಲಸ ಮಾಡಿತು ಅಂತ ಹೇಳಲು ನಾನು ಡಾಕ್ಟರಲ್ಲ. ಆಸ್ಪತ್ರೆಗೆ ಮತ್ತೆ ತೋರಿಸಿದಾಗ ಸ್ಕ್ಯಾನು ಬೇಡ, ಆಪರೇಷನ್ ಮಾತೇ ಇಲ್ಲ ಅಂದರು. ಮಗನಿಗೆ ಫೋನು ಮಾಡಿ ಹೇಳಿದೆ. ಅವನು ಎಲ್ಲೋ ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿ ಮಾತಾಡುತ್ತಿದ್ದ. ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿಸಿತು.

ಅಷ್ಟರವರೆಗೆ ಅಂಗಡಿ ನಾನೊಬ್ಬಳೇ ತೂಗಿಸುತ್ತಿದ್ದೆ, ಅರ್ಧ ಗಿರಾಕಿಗಳನ್ನು ವಾಪಸು ಕಳಿಸಿ. ಅವಳು ಕೆಲಸಕ್ಕೆ ಬರುವ ಹಿಂದಿನ ದಿನ ಬಡಗಿಯನ್ನು ಕರೆಸಿದೆ. ಅವನು ಮೇಜಿನ ಅಡಿಗೆ ತೂರಿ ಕಾಲುಗಳನ್ನು ಬಡಿದು ನೋಡಿ, ಗಟ್ಟಿಯಿದೆ, ಕೆಳಗೆ ತುಂಡು ಜೋಡಿಸಿ ಪಟ್ಟಿ ಹೊಡೆದರೆ ಅಲುಗಾಡುವುದಿಲ್ಲ ಅಂದ. ಸೊಸೆ ಒಳಗಿನಿಂದ ಬಂದಳು.

"ಬೇಡ ಅತ್ತೆ. ನಿಮಗೆ ನಿಲುಕೋದಿಲ್ಲ. ನಾನು ಮಧ್ಯೆ ಮಧ್ಯೆ ಕೂತ್ಕೋತೀನಿ, ಸಾಕು."

"ನನಗೆ ಯಾಕೆ ನಿಲುಕಬೇಕು?"

"ಕಾಲರು?"

ಸುಳ್ಳು ಯಾಕೆ ಹೇಳಲಿ, ಕಾಲರು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಆ ಮೇಜಿನ ಮುಂದೆ ನಿಂತರೆ ನನ್ನ ಹೊಟ್ಟೆಗೆ ಮೇಜಿನ ಅಂಚು ತಾಗುತ್ತದೆ. ತಾಗಿದಾಗಲೆಲ್ಲ, ನನಗೆ ಅಂತ ಒಬ್ಬರು ಇದನ್ನು ಮಾಡಿದ್ದರು ಅನ್ನುವುದು ನೆನಪಾಗುತ್ತದೆ. ಸೊಸೆಗೆ ಅದು ಗೊತ್ತಿತ್ತು, ಅದಕ್ಕೇ ಅವಳು ನಾಲ್ಕು ವರ್ಷ ಬಾಯಿಮುಚ್ಚಿಕೊಂಡು ಬಗ್ಗಿದ್ದು. ಅವರಿದ್ದಿದ್ದರೆ ಅವಳು ಬಂದ ದಿನವೇ ಕಣ್ಣಳತೆಯಲ್ಲಿ ನೋಡಿ ಗರಗಸ ತಂದಿರುತ್ತಿದ್ದರು.

"ಮೊಣಕೈ ಮಡಚು," ಅಂದೆ. ಮಡಚಿದಳು. ಬಡಗಿ ಟೇಪು ಹಿಡಿದ. ಒಂದು ಗೇಣು ಎತ್ತರಿಸಬೇಕಾಯಿತು. ಸಂಜೆಯೊಳಗೆ ಮುಗಿಸಿ ಕಂಬಳಿ ಹಾಸಿಕೊಟ್ಟು ಹೋದ.

ಮರುದಿನ ಗರಿ ಮೇಷ್ಟ್ರ ಅಂಗಿಯಿಂದಲೇ ಶುರು. ನಾನು ನೀರು ಚಿಮುಕಿಸಿ ಕೊಟ್ಟು ನನ್ನ ಜಾಗದಲ್ಲಿ ಸ್ಟೂಲಿನ ಮೇಲೆ ಕೂತೆ. ಅವಳು ಪೆಟ್ಟಿಗೆ ಹಿಡಿದು ಬೆನ್ನು, ಎದೆ, ತೋಳು ಮುಗಿಸಿದಳು. ಅಭ್ಯಾಸಬಲದಿಂದ ಅಂಗಿಯನ್ನು ನನ್ನ ಕಡೆ ತಳ್ಳಲು ಹೋಗಿ ನಿಲ್ಲಿಸಿದಳು. ನಾನು ತಲೆಯಾಡಿಸಿದೆ. ಕಾಲರನ್ನು ಬಿಡಿಸಿ ಎರಡು ತುದಿಯಿಂದ ನಡುವಿಗೆ ಪೆಟ್ಟಿಗೆ ಓಡಿಸಿದಳು, ನಾನು ಮಾಡುವ ಹಾಗೆಯೇ. ಎಂದಿನಿಂದ ನೋಡಿ ಕಲಿತಿದ್ದಳೋ.

ಅವಳು ಕೆಲಸ ಮಾಡುವಾಗ ನಾನು ಇಷ್ಟು ದಿನ ನೋಡಿದ್ದು ಅವಳ ಬೈತಲೆಯನ್ನು ಮಾತ್ರ. ಬಗ್ಗಿರುತ್ತಿದ್ದಳಲ್ಲ, ಮುಖ ಕಾಣುತ್ತಲೇ ಇರಲಿಲ್ಲ. ಈಗ ನೆಟ್ಟಗೆ ನಿಂತಿದ್ದಳು. ಕೆಳತುಟಿಯನ್ನು ಸ್ವಲ್ಪ ಒಳಗೆಳೆದುಕೊಂಡು, ಹುಬ್ಬು ಎತ್ತಿ, ಕಾಲರಿನ ಜೊತೆ ಏನೋ ಮಾತಾಡುವವಳಂತೆ ಕೆಲಸ ಮಾಡುತ್ತಾಳೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಏನತ್ತೆ, ಹಾಗೆ ನೋಡ್ತಿದ್ದೀರಿ? ಕಾಲರು ಸರಿ ಬಂದಿಲ್ವಾ?"

"ಕಾಲರು ನೋಡ್ತಿಲ್ಲ. ನಿನ್ನ ಮುಖ ನೋಡ್ತಿದ್ದೀನಿ."

"ಏನಿದೆ ಮುಖದಲ್ಲಿ?"

"ನೋವಿಲ್ಲ," ಅಂದೆ.